ಕೆಮ್ಮೆಲ್ಲವೂ ಮೆಣಸಿನಕಾಯಿ ಘಾಟಲ್ಲ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಚಳಿ ಬೀಳುತ್ತಿದ್ದಂತೆ ಪತ್ರಿಕೆಗಳಲ್ಲಿ ಒಂದು ಸಲಹೆ ತಪ್ಪದೆ ಬರುತ್ತದೆ: ‘ಜ್ವರ, ಕೆಮ್ಮು ಇದ್ದವರು ಮನೆಯಲ್ಲಿಯೇ ಇರಿ.’ ಸಲಹೆ ಸರಿಯಾಗಿದೆ. ನಾನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಹಮಾಲರಿಗೆ, ಮೆಣಸಿನಕಾಯಿ ಆರಿಸುವ ಹೆಂಗಸರಿಗೆ ಹಾಜರಿ ಹಾಕುವವನು, ಶನಿವಾರ ಬಟವಡೆ ಮಾಡುವವನು ಮೂವತ್ತೊಂದು ವರ್ಷಗಳಿಂದ ನಾನೇ. ಆ ಸಲಹೆಯನ್ನು ಯಾರು ಪಾಲಿಸಬಲ್ಲರು, ಯಾರು ಪಾಲಿಸಲಾರರು ಎಂಬುದು ನನ್ನ ಹಾಜರಿ ಪುಸ್ತಕದಲ್ಲಿಯೇ ಇದೆ. ಜನವರಿಯಲ್ಲಿ ಹಂಗಾಮು ಏರುವ ಮೊದಲೇ ಅದನ್ನು ಹೇಳಿಬಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಪೇಟೆಯನ್ನು ನೋಡದವರಿಗಾಗಿ ಎರಡು ಮಾತು. ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನ. ಹಿಂದಿನ ರಾತ್ರಿಯೇ ಬಳ್ಳಾರಿ, ರಾಯಚೂರು, ಗದಗ, ಧಾರವಾಡದ ಕಡೆಯಿಂದ, ಆಂಧ್ರದಿಂದ ಚೀಲ ಹೇರಿಕೊಂಡ ಗಾಡಿಗಳು ಬರುತ್ತವೆ. ರೈತರು ಅಂಗಡಿಗಳ ಕಟ್ಟೆಯ ಮೇಲೆ ಒಬ್ಬರ ಪಕ್ಕ ಒಬ್ಬರು ಕಂಬಳಿ ಹೊದ್ದು ಮಲಗುತ್ತಾರೆ. ಬೆಳಗಾದರೆ ಕಣ್ಣು ಹಾಯಿಸಿದಷ್ಟು ದೂರ ಕೆಂಪು. ಡಬ್ಬಿ, ಕಡ್ಡಿ, ಗುಂಟೂರು, ಎಲ್ಲ ತಳಿಯ ಕಾಯಿಗಳ ಘಾಟು ಗಾಳಿಯಲ್ಲಿ ಒಂದಾಗಿರುತ್ತದೆ. ಹೊಸಬರು ಸೀನುತ್ತಾರೆ, ಹಳಬರು ಕೆಮ್ಮುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ಕೆಮ್ಮು ಎಂದರೆ ವ್ಯಾಪಾರ ಜೋರಾಗಿದೆ ಎಂದು ಅರ್ಥ.

ಕಳೆದ ಹಂಗಾಮಿನ ಫೆಬ್ರುವರಿಯಲ್ಲಿ ಒಂದು ಸೋಮವಾರ ನಮ್ಮ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಹನ್ನೊಂದು ಹೆಂಗಸರು ಕಾಯಿ ಆರಿಸುತ್ತಿದ್ದರು. ಅವರಲ್ಲಿ ಐವತ್ತರ ಹತ್ತಿರದ ಒಬ್ಬರು, ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿಗೇ ಬರುವವರು, ಬೆಳಗಿನಿಂದ ಬಿಡದೆ ಕೆಮ್ಮುತ್ತಿದ್ದರು. ‘ಗುಮಾಸ್ತರೇ, ಮೈ ಬಿಸಿಯಾಗಿದೆ ಅನಿಸುತ್ತದೆ, ಕೈಕಾಲೆಲ್ಲ ಹರಿದು ಹೋಗುತ್ತಿವೆ’ ಎಂದರು. ನಾನು ಲೆಕ್ಕದಲ್ಲಿ ಮುಳುಗಿದ್ದೆ. ‘ಘಾಟು ಅಕ್ಕಾ, ಹೊರಗೆ ಹೋಗಿ ಮುಖ ತೊಳೆದುಕೊಂಡು, ಒಂದು ಲೋಟ ಮಜ್ಜಿಗೆ ಕುಡಿದು ಬನ್ನಿ’ ಎಂದುಬಿಟ್ಟೆ. ಅವರು ಹಾಗೆಯೇ ಮಾಡಿದರು. ಮಂಗಳವಾರ ಬಂದರು, ಬುಧವಾರವೂ ಬಂದರು. ಗುರುವಾರ ಬರಲಿಲ್ಲ. ಶುಕ್ರವಾರ ಸಂಜೆ ಅವರ ಮಗಳು ಅಳುತ್ತ ಫೋನ್ ಮಾಡಿದಳು. ಅವ್ವನಿಗೆ ಉಸಿರಾಡಲು ಆಗುತ್ತಿಲ್ಲ, ತುಟಿ ನೀಲಿಯಾಗಿದೆ ಎಂದಳು.

ಅವರನ್ನು ಮೊದಲು ಹಾವೇರಿಗೆ, ಅಲ್ಲಿಂದ ರಾತ್ರಿಯೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಮೂಗು, ಗಂಟಲಿನ ದ್ರವ ಪರೀಕ್ಷಿಸಿದಾಗ ಎಚ್1ಎನ್1 ಫ್ಲೂ ಎಂದು ಬಂತು. ಅವರಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಸೋಂಕು ಶ್ವಾಸಕೋಶಕ್ಕೆ ಬೇಗ ಇಳಿದಿತ್ತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಉಳಿದು ಬಂದರು. ಮಗಳು ಆಗ ಏಳು ತಿಂಗಳ ಬಸುರಿ, ತವರಿಗೆ ಬಂದು ತಾಯಿಯ ಪಕ್ಕದಲ್ಲಿಯೇ ಮಲಗುತ್ತಿದ್ದಳು. ಅವಳಿಗೂ ಜ್ವರ ಬಂದಿತ್ತು. ತಾಯಿಯ ವಿಷಯ ತಿಳಿದಿದ್ದ ಸರ್ಕಾರಿ ಆಸ್ಪತ್ರೆಯ ವೈದ್ಯೆ ವರದಿಗಾಗಿ ಕಾಯದೆ ಅಂದೇ ಫ್ಲೂ ವೈರಾಣುವನ್ನು ತಡೆಯುವ ಒಸೆಲ್ಟಾಮಿವಿರ್ ಮಾತ್ರೆ ಶುರು ಮಾಡಿದರು. ಐದು ದಿನದಲ್ಲಿ ಅವಳು ಚೇತರಿಸಿಕೊಂಡಳು, ಮಗುವೂ ಸುಖವಾಗಿ ಹುಟ್ಟಿತು. ಆ ಮಾತ್ರೆ ಜ್ವರ ಶುರುವಾದ 48 ಗಂಟೆಗಳೊಳಗೆ ಹೊಟ್ಟೆಗೆ ಬಿದ್ದರೆ ಹೆಚ್ಚು ಕೆಲಸ ಮಾಡುತ್ತದೆ ಎಂದು ವೈದ್ಯೆ ನನಗೆ ಬಿಡಿಸಿ ಹೇಳಿದರು. ತಾಯಿಯ ವಿಷಯದಲ್ಲಿ ಆ 48 ಗಂಟೆಗಳು ನನ್ನ ಪಡಸಾಲೆಯಲ್ಲಿ, ನನ್ನ ಕಣ್ಣೆದುರು, ಮೆಣಸಿನಕಾಯಿಯ ರಾಶಿಯ ಮುಂದೆ ಕಳೆದುಹೋದವು. ನನಗೆ ಇಂದಿಗೂ ಅದು ಚುಚ್ಚುತ್ತದೆ.

ಆಸ್ಪತ್ರೆಯಿಂದ ಮರಳಿದ ಮೇಲೆ ಒಂದು ರಾತ್ರಿ ಹಾಜರಿ ಪುಸ್ತಕ ತೆರೆದು ಕುಳಿತೆ. ಆ ಸೋಮವಾರ ಹೆಂಗಸರು ಹನ್ನೊಂದಕ್ಕೆ ಹನ್ನೊಂದೂ ಹಾಜರು. ಗುರುವಾರ ನಾಲ್ವರು ಗೈರು. ಮುಂದಿನ ಸೋಮವಾರ ಏಳು ಜನ ಗೈರು, ಹದಿನಾಲ್ಕು ಹಮಾಲರಲ್ಲಿ ಐವರು ಗೈರು. ನಾನೇ ನನ್ನ ಕೈಯಾರೆ ಸೊನ್ನೆ ಸುತ್ತಿದ್ದೆ. ಸುತ್ತುವಾಗ ಆಳು ಸಿಗುವುದಿಲ್ಲವಲ್ಲ ಎಂದು ಬೈದುಕೊಂಡಿದ್ದೆನೇ ಹೊರತು, ಹನ್ನೊಂದು ಜನರಲ್ಲಿ ಏಳು ಜನ ಒಂದೇ ವಾರದಲ್ಲಿ ಏಕೆ ಮಲಗಿದರು ಎಂದು ಯೋಚಿಸಲಿಲ್ಲ. ರೋಗ ಊರಿಗೆ ಬಂದಿದೆ ಎಂದು ಪ್ರಯೋಗಾಲಯದ ವರದಿಗಿಂತ ಮೊದಲೇ ನನ್ನ ಪುಸ್ತಕ ಹೇಳುತ್ತಿತ್ತು. ಅಕ್ಕಪಕ್ಕದ ಅಂಗಡಿಗಳ ಗುಮಾಸ್ತರನ್ನು ವಿಚಾರಿಸಿದೆ. ಅವರ ಪುಸ್ತಕಗಳಲ್ಲಿಯೂ ಅದೇ ವಾರ ಅದೇ ಸೊನ್ನೆಗಳು.

ಘಾಟಿನ ಕೆಮ್ಮಿಗೂ ಫ್ಲೂ ಕೆಮ್ಮಿಗೂ ಇರುವ ಅಂತರವನ್ನು ನಮ್ಮ ಪೇಟೆಯವರು ಕಲಿಯಲೇಬೇಕು. ಘಾಟು ಹೊಡೆದರೆ ಸೀನು, ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಪೇಟೆ ಬಿಟ್ಟು ಊರ ಹೊರಗಿನ ಗಾಳಿಗೆ ಹೋದರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಘಾಟು ಜ್ವರ ತರುವುದಿಲ್ಲ. ಫ್ಲೂ ಬೇರೆ ರೀತಿ ಬರುತ್ತದೆ. ಬೆಳಿಗ್ಗೆ ಚೀಲ ಎತ್ತುತ್ತಿದ್ದವನು ಮಧ್ಯಾಹ್ನ ನಡುಗುತ್ತ ಮೂಲೆ ಸೇರುತ್ತಾನೆ. ಜ್ವರ, ತಲೆಸಿಡಿತ, ಮೈಕೈ ಮುರಿದಂತಹ ನೋವು, ಎದ್ದು ನಿಲ್ಲಲಾರದಷ್ಟು ಸುಸ್ತು, ಒಣಕೆಮ್ಮು, ಎಲ್ಲವೂ ಒಮ್ಮೆಲೇ. ವಯಸ್ಸಾದವರಲ್ಲಿ ಕೆಲವೊಮ್ಮೆ ಜ್ವರ ಕಾಣಿಸದೆ ಬರಿಯ ನಿತ್ರಾಣ ಇರಬಹುದು ಎಂಬುದನ್ನೂ ನೆನಪಿಡಬೇಕು. ಸೋಂಕು ತಗಲಿದ ಒಂದರಿಂದ ನಾಲ್ಕು ದಿನಗಳಲ್ಲಿ ರೋಗ ಹೊರಬೀಳುತ್ತದೆ. ಕಷ್ಟದ ಸಂಗತಿ ಎಂದರೆ ಲಕ್ಷಣ ಕಾಣುವ ಒಂದು ದಿನ ಮೊದಲೇ ಆ ಮನುಷ್ಯ ಇತರರಿಗೆ ಸೋಂಕು ಹಂಚಲು ಶುರು ಮಾಡಿರುತ್ತಾನೆ, ಆಮೇಲೂ ಐದರಿಂದ ಏಳು ದಿನ ಹಂಚುತ್ತಾನೆ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ, ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ. ಬ್ಯಾಡಗಿ ಪೇಟೆಗೆ ಅತಿ ಹೆಚ್ಚು ಚೀಲ, ಅತಿ ಹೆಚ್ಚು ಜನ ಬರುವುದು ಅದೇ ಮೂರು ತಿಂಗಳಲ್ಲಿ.

‘ಇಷ್ಟು ಘಾಟಿನಲ್ಲಿ ಯಾವ ರೋಗಾಣು ಬದುಕುತ್ತದೆ ರೀ?’ ಎಂದು ನಮ್ಮ ಹಮಾಲರು ಕೇಳುತ್ತಾರೆ. ಕೊರೊನಾ ಕಾಲದಲ್ಲಿಯೂ ಕೇಳಿದ್ದರು. ಘಾಟು ರೋಗಾಣುವನ್ನು ಕೊಲ್ಲುವುದಿಲ್ಲ. ಸೀನಿಸಿ, ಕೆಮ್ಮಿಸಿ ಅದನ್ನು ಇನ್ನಷ್ಟು ದೂರಕ್ಕೆ ಚಿಮ್ಮಿಸುತ್ತದೆ. ಆದರೆ ಮೆಣಸಿನಕಾಯಿಯೇ ನಮ್ಮವರಿಗೆ ಒಂದು ಒಳ್ಳೆಯ ಪಾಠವನ್ನು ಮೊದಲೇ ಕಲಿಸಿದೆ. ಕಾಯಿ ಮುಟ್ಟಿದ ಕೈಯಿಂದ ಕಣ್ಣು, ಮೂಗು ಮುಟ್ಟಬಾರದು ಎಂದು ಬ್ಯಾಡಗಿಯಲ್ಲಿ ಐದು ವರ್ಷದ ಮಗುವಿಗೂ ಗೊತ್ತು. ಫ್ಲೂ ವೈರಾಣು ಒಳಗೆ ನುಗ್ಗುವುದು ಅದೇ ಕಣ್ಣು, ಮೂಗು, ಬಾಯಿಯ ದಾರಿಯಿಂದ. ಲೋಹ, ಪ್ಲಾಸ್ಟಿಕ್‌ನಂತಹ ಗಟ್ಟಿ ವಸ್ತುಗಳ ಮೇಲೆ ಅದು ಒಂದೆರಡು ದಿನ ಉಳಿಯಬಲ್ಲದು. ಅದರ ಹೊರಕವಚ ಕೊಬ್ಬಿನದಾದ್ದರಿಂದ ಸಾಬೂನು ತಾಗಿದರೆ ಒಡೆದುಹೋಗುತ್ತದೆ. ನಮ್ಮವರು ಕೈ ತೊಳೆಯಲು ಸೋಮಾರಿಗಳಲ್ಲ. ಅಂಗಡಿಯಲ್ಲಿ ನಲ್ಲಿ ಇದ್ದರೆ ಸಾಬೂನು ಇರುವುದಿಲ್ಲ, ಕುಡಿಯುವ ಕೊಡಕ್ಕೆ ಒಂದೇ ಲೋಟ ಇರುತ್ತದೆ. ನಮ್ಮ ಅಂಗಡಿಯಲ್ಲಿಯೂ ಕಳೆದ ವರ್ಷದವರೆಗೆ ಒಂದೇ ಲೋಟ ಇತ್ತು.

ಪ್ರತಿ ವರ್ಷ ಬರುವ ಫ್ಲೂ ಹೇಗೆ ಜಗತ್ತನ್ನೇ ಮಲಗಿಸುವ ಮಹಾಸೋಂಕು ಆಗುತ್ತದೆ ಎಂದು ಆ ವೈದ್ಯೆಯನ್ನು ಕೇಳಿದೆ. ಅವರು ಹೇಳಿದ್ದನ್ನು ನಾನು ನಮ್ಮ ರೈತರ ಮಾತಿನಲ್ಲಿ ಹೇಳುತ್ತೇನೆ. ಮನೆಯ ಬೀಜವನ್ನೇ ವರ್ಷ ವರ್ಷ ಬಿತ್ತುತ್ತ ಹೋದರೆ ಕಾಯಿಯ ಬಣ್ಣ, ಸುಕ್ಕು ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಆದರೂ ಅದು ಡಬ್ಬಿಯೇ ಎಂದು ಗುರುತು ಸಿಗುತ್ತದೆ. ಫ್ಲೂ ವೈರಾಣು ಕೂಡ ಪ್ರತಿ ವರ್ಷ ಹಾಗೆ ಸ್ವಲ್ಪ ಬದಲಾಗುತ್ತದೆ. ಹಳೆಯ ಗುರುತು ಇರುವುದರಿಂದ ನಮ್ಮ ದೇಹ ಅಷ್ಟಿಷ್ಟು ತಡೆಯುತ್ತದೆ. ಇನ್ನು ಬ್ಯಾಡಗಿ ತಳಿಯ ಹೊಲದ ಪಕ್ಕದಲ್ಲಿಯೇ ಗುಂಟೂರು ಹಾಕಿದರೆ ಪರಾಗ ಬೆರೆತು ಮುಂದಿನ ವರ್ಷದ ಬೀಜದಿಂದ ಯಾರೂ ಕಾಣದ ಬೆರಕೆ ಗಿಡ ಏಳುತ್ತದೆ. ವೈರಾಣುವಿನ ವಂಶವಾಹಿ ಎಂಟು ತುಂಡುಗಳಲ್ಲಿದೆ. ಹಕ್ಕಿಯ ಫ್ಲೂ, ಮನುಷ್ಯರ ಫ್ಲೂ ಎರಡೂ ಒಂದೇ ಹಂದಿಯ ದೇಹದಲ್ಲಿ ಸೇರಿದರೆ ಆ ತುಂಡುಗಳು ಅದಲುಬದಲಾಗಿ ಹೊಸ ವೈರಾಣು ಹುಟ್ಟಬಹುದು. ಅದರ ಗುರುತು ಯಾರ ದೇಹಕ್ಕೂ ಇರುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ಹರಡುವ ಶಕ್ತಿಯೂ ಅದಕ್ಕೆ ಬಂದರೆ ಅಲ್ಲಿಗೆ ಮಹಾಸೋಂಕು ಶುರು. 1957ರಲ್ಲಿ, 1968ರಲ್ಲಿ, 2009ರಲ್ಲಿ ಜಗತ್ತಿಗೆ ಹರಡಿದ ಫ್ಲೂಗಳು ಇಂತಹ ಬೆರಕೆಯಿಂದಲೇ ಬಂದವು.

2009ರದನ್ನು ನಾವು ‘ಹಂದಿಜ್ವರ’ ಎಂದು ಕರೆದು ದಾರಿ ತಪ್ಪಿದೆವು. ಊರ ಹಂದಿಗಳನ್ನು ಓಡಿಸಿದರೆ ರೋಗ ಹೋಯಿತು ಎಂದುಕೊಂಡೆವು. ಆ ವೈರಾಣು ಹಂದಿಯಲ್ಲಿ ರೂಪುಗೊಂಡಿದ್ದು ನಿಜ. ನಮ್ಮ ದೇಶಕ್ಕೆ ಅದು ಬಂದದ್ದು ಮನುಷ್ಯರ ಉಸಿರಿನಲ್ಲಿ, ವಿಮಾನದಲ್ಲಿ. 2010ರ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಹಾಸೋಂಕು ಮುಗಿಯಿತೆಂದು ಘೋಷಿಸಿತು. ವೈರಾಣು ಮಾತ್ರ ಹೋಗಲಿಲ್ಲ. ಋತುಮಾನದ ಫ್ಲೂ ಆಗಿ ನಮ್ಮ ನಡುವೆಯೇ ಉಳಿಯಿತು. ನಮ್ಮ ಪಡಸಾಲೆಯ ಅಕ್ಕನಿಗೆ ತಗಲಿದ್ದು ಅದೇ.

ನನ್ನ ಅಜ್ಜಿ 1918ರ ಜ್ವರ ಕಂಡವರು. ಆಗ ಹತ್ತು ವರ್ಷದವರಂತೆ. ಹಾವೇರಿ, ಗದಗ ಎಲ್ಲ ಆಗ ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಜಿಲ್ಲೆ ಮುಂಬೈ ಪ್ರಾಂತದಲ್ಲಿ. ಆ ವರ್ಷ ಜೂನ್‌ನಲ್ಲಿ ಮುಂಬೈ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ, ಸೆಪ್ಟೆಂಬರ್ ಹೊತ್ತಿಗೆ ಹೆಚ್ಚು ಘೋರವಾಗಿ ಎರಡನೆಯ ಸಲ ಎದ್ದು ರೈಲಿನ ದಾರಿ ಹಿಡಿದು ಒಳನಾಡಿಗೆ ಹಬ್ಬಿತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು ಎಂದು ಅಂದಾಜು. ಎಳೆಯರು, ಮುದುಕರಷ್ಟೇ ಅಲ್ಲದೆ ಇಪ್ಪತ್ತರಿಂದ ನಲವತ್ತರ ಪ್ರಾಯದವರು, ಮನೆಯ ದುಡಿಯುವ ಕೈಗಳೇ ಹೆಚ್ಚು ಹೋದವು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಅಜ್ಜಿಯ ಅಣ್ಣ, ಅತ್ತಿಗೆ ಇಬ್ಬರೂ ಒಂದೇ ವಾರದಲ್ಲಿ ತೀರಿಕೊಂಡರು. ಮನೆಯಲ್ಲಿ ಎಲ್ಲರೂ ಮಲಗಿದ್ದಾಗ ಬಾವಿಯಿಂದ ನೀರು ತರುವ ಶಕ್ತಿ ಇದ್ದದ್ದು ಹತ್ತು ವರ್ಷದ ಅಜ್ಜಿಗೊಬ್ಬರಿಗೇ. ‘ಜ್ವರಕ್ಕಿಂತ ನೀರಡಿಕೆಯಿಂದ ಸತ್ತವರೇ ಹೆಚ್ಚು ಅನಿಸುತ್ತದೆ ಮಗನೇ, ಬಾಯಿಗೆ ಗಂಜಿ ಹಾಕುವವರು ಇರಲಿಲ್ಲ’ ಎನ್ನುತ್ತಿದ್ದರು. ಜ್ವರ ಬಂದ ಮನೆಯಿಂದ ಓಡಿಹೋದವರ ಹೆಸರನ್ನೂ, ಬಾಗಿಲ ಹೊರಗೆ ಅಂಬಲಿಯ ಗಡಿಗೆ ಇಟ್ಟುಹೋದ ಪಕ್ಕದ ಮನೆಯವರ ಹೆಸರನ್ನೂ ಅವರು ಕೊನೆಯವರೆಗೆ ಮರೆತಿರಲಿಲ್ಲ. ಅಂಬಲಿ ಇಟ್ಟವರು ಒಳಗೆ ಬಂದಿರಲಿಲ್ಲ ಎಂಬುದನ್ನು ನಾನು ಈಗ ಗಮನಿಸುತ್ತೇನೆ. ದೂರ ಇರುವುದು, ಕೈಬಿಡದೆ ಇರುವುದು ಎರಡನ್ನೂ ಅವರು ಒಟ್ಟಿಗೆ ಮಾಡಿದ್ದರು.

ಲಸಿಕೆಯ ವಿಷಯದಲ್ಲಿ ‘ನಮ್ಮ ಜನ ಸೂಜಿಗೆ ಹೆದರುತ್ತಾರೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಹಬ್ಬಿದಾಗ ವಿಜ್ಞಾನಿ ಹಾಫ್‌ಕಿನ್ ಅವರು ಕಂಡುಹಿಡಿದ ಪ್ಲೇಗ್ ಲಸಿಕೆಗೆ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಅಂತಹ ಹೊಸ ಲಸಿಕೆಯನ್ನು ಆ ಊರಿನ ಸಾವಿರಾರು ಜನ ಹಾಕಿಸಿಕೊಂಡರು. ನಮ್ಮ ಹೆಂಗಸರಿಗೆ ಇಂದು ಅಡ್ಡ ಬರುವುದು ಸೂಜಿಯ ಭಯವಲ್ಲ, ಅದರ ಬೆಲೆ. ಫ್ಲೂ ಲಸಿಕೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಖಾಸಗಿಯಾಗಿ ಹಾಕಿಸಿಕೊಳ್ಳಬೇಕೆಂದರೆ ಹಲವು ದಿನಗಳ ಕೂಲಿ ಬೇಕು. ವೈರಾಣು ಬದಲಾಗುವುದರಿಂದ ಪ್ರತಿ ವರ್ಷವೂ ಹಾಕಿಸಿಕೊಳ್ಳಬೇಕು, ರಕ್ಷಣೆ ಸಿಗಲು ಸುಮಾರು ಎರಡು ವಾರ ಹಿಡಿಯುತ್ತದೆ. ಹಾಗಾಗಿ ಹಂಗಾಮಿಗೆ ಮೊದಲೇ, ಡಿಸೆಂಬರ್‌ನಲ್ಲಿಯೇ ಕೆಲಸ ಆಗಬೇಕು. ಎಲ್ಲರಿಗೂ ಆಗದಿದ್ದರೆ ಬಸುರಿಯರು, ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ತೊಂದರೆ ಇರುವವರಿಗಾದರೂ ವರ್ತಕರು ಸೇರಿ ಹಾಕಿಸಲಿ. ಮುಂದೆ ಪೂರ್ತಿ ಹೊಸ ವೈರಾಣುವಿನ ಮಹಾಸೋಂಕು ಬಂದರೆ ಈ ಲಸಿಕೆ ನಾಟುವುದಿಲ್ಲ, ಹೊಸದು ತಯಾರಾಗಲು ಐದಾರು ತಿಂಗಳು ಬೇಕು. ಅಷ್ಟು ದಿನ ನಮ್ಮನ್ನು ಕಾಯುವುದು ಸಾಬೂನು, ಮಾಸ್ಕ್, ತೆರೆದ ಕಿಟಕಿ, ಮತ್ತು ಜ್ವರ ಬಂದವರು ಮನೆಯಲ್ಲಿ ಉಳಿಯುವುದು, ಇಷ್ಟೇ.

ಮಾಸ್ಕ್ ಎಂದರೆ ನಮ್ಮ ಪೇಟೆಯಲ್ಲಿ ಟವೆಲ್ ಅಥವಾ ಸೆರಗು. ದೂಳಿಗೆ ಅದು ಸ್ವಲ್ಪ ಅಡ್ಡವಾಗುತ್ತದೆ, ಕೆಮ್ಮಿದಾಗ ಹನಿ ಚಿಮ್ಮುವುದನ್ನೂ ಒಂದಷ್ಟು ತಡೆಯುತ್ತದೆ. ಆದರೆ ಅದೇ ಟವೆಲ್‌ನಿಂದ ಬೆವರು ಒರೆಸಿ, ಅದನ್ನೇ ಕಟ್ಟೆಗೆ ಹಾಸಿ ಮಲಗಿ, ಮತ್ತೆ ಮೂಗಿಗೆ ಕಟ್ಟಿದರೆ ಏನು ಬಂತು? ಹೆಂಗಸರಿಗೆ, ಹಮಾಲರಿಗೆ ಸರಿಯಾದ ಮಾಸ್ಕ್ ಕೊಡುವುದು ಅಂಗಡಿಯ ಖರ್ಚು ಆಗಬೇಕು. ಘಾಟಿಗೂ ಆಯಿತು, ಸೋಂಕಿಗೂ ಆಯಿತು.

ಜ್ವರ ಬಂದವರೆಲ್ಲ ಆಸ್ಪತ್ರೆಗೆ ಓಡಬೇಕಾಗಿಲ್ಲ. ಹೆಚ್ಚಿನವರು ವಿಶ್ರಾಂತಿ, ಸಾಕಷ್ಟು ನೀರು, ಗಂಜಿ, ಪ್ಯಾರಾಸಿಟಮಾಲ್‌ನಿಂದಲೇ ವಾರದಲ್ಲಿ ಗುಣವಾಗುತ್ತಾರೆ. ಶುಂಠಿ ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಆದರೆ ಅಂಗಡಿಯಲ್ಲಿ ಕೇಳಿ ತರುವ ಆಂಟಿಬಯಾಟಿಕ್ ಮಾತ್ರೆ ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ. ಒಂದು ಸಲಾಯಿನ್ ಏರಿಸಿಕೊಂಡು ಸಂಜೆಗೆ ಚೀಲ ಎತ್ತಲು ಬರುವವರನ್ನು ನಾನು ನೋಡಿದ್ದೇನೆ. ರೋಗ ಅವರೊಂದಿಗೆ ಪೇಟೆಗೆ ವಾಪಸಾಗುತ್ತದೆ. ಮಕ್ಕಳಿಗೆ ಫ್ಲೂ ಜ್ವರದಲ್ಲಿ ಆಸ್ಪಿರಿನ್ ಕೊಡಲೇಬಾರದು. ಉಸಿರು ಸಿಕ್ಕಿಹಾಕಿಕೊಂಡಂತಾದರೆ, ಎದೆ ನೋವು ಬಂದರೆ, ಕಫದಲ್ಲಿ ರಕ್ತ ಕಂಡರೆ, ತುಟಿ ಅಥವಾ ಉಗುರು ನೀಲಿಯಾದರೆ, ಮಂಪರು ಕವಿದರೆ, ಮಗು ಹಾಲು ಬಿಟ್ಟರೆ, ಆ ಗಳಿಗೆಯಲ್ಲಿಯೇ ಗಾಡಿ ಹಿಡಿಯಬೇಕು. ಮೊದಲು ಹೇಳಿದ ಬಸುರಿಯರು, ವೃದ್ಧರು, ಸಕ್ಕರೆ ಕಾಯಿಲೆಯವರು ಈ ಲಕ್ಷಣಗಳಿಗೂ ಕಾಯದೆ ಜ್ವರ ಬಂದ ದಿನವೇ ವೈದ್ಯರಿಗೆ ತೋರಿಸಬೇಕು.

ಇನ್ನು ನಾನು ಶುರು ಮಾಡಿದ ಮಾತಿಗೆ ಬರುತ್ತೇನೆ. ಆ ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋಗಿದ್ದೆ. ‘ಮೈ ಅಷ್ಟು ಸುಡುತ್ತಿದ್ದಾಗ ಮಂಗಳವಾರ, ಬುಧವಾರ ಏಕೆ ಬಂದಿರಿ ಅಕ್ಕಾ?’ ಎಂದು ಕೇಳಿದೆ. ‘ಬರದಿದ್ದರೆ ನೀವು ಸೊನ್ನೆ ಹಾಕುತ್ತಿದ್ದಿರಲ್ಲ, ಅಪ್ಪಾ’ ಎಂದರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಎರಡು ದಿನದ ಕೂಲಿ ತಪ್ಪಿದರೆ ಸಂಘದ ಸಾಲದ ಕಂತು ತಪ್ಪುತ್ತದೆ, ಅದನ್ನು ಸುಮ್ಮನೆ ಹೇಳಿದರು. ಹಮಾಲರಿಗೆ ಚೀಲದ ಲೆಕ್ಕದಲ್ಲಿ ಕೂಲಿ. ಎತ್ತದ ಚೀಲಕ್ಕೆ ದುಡ್ಡಿಲ್ಲ. ಇಂತಹವರಿಗೆ ‘ಮನೆಯಲ್ಲಿಯೇ ಇರಿ’ ಎನ್ನುವುದು ಉಪವಾಸ ಇರಿ ಎಂದಂತೆ. ಅವರು ಕೆಮ್ಮುತ್ತಲೇ ಬರುತ್ತಾರೆ, ಬಂದವರಿಂದ ರೈತರಿಗೆ, ಖರೀದಿದಾರರಿಗೆ ತಗಲುತ್ತದೆ. ರೈತರು ಅದನ್ನು ಅದೇ ರಾತ್ರಿ ನೂರು ಊರುಗಳಿಗೆ ಹೊತ್ತುಕೊಂಡು ಹೋಗುತ್ತಾರೆ.

ಆದ್ದರಿಂದ ವರ್ತಕ ಬಂಧುಗಳಲ್ಲಿ ನನ್ನ ವಿನಂತಿ: ಹಂಗಾಮಿನ ಮೂರು ತಿಂಗಳು ಜ್ವರ ಬಂದ ಕೂಲಿಯವರಿಗೆ ಐದು ದಿನದ ಕೂಲಿ ಕೊಡಿ. ಪೂರ್ತಿ ಆಗದಿದ್ದರೆ ಅರ್ಧ ಕೊಡಿ. ಸುಳ್ಳು ಹೇಳಿ ರಜೆ ಹಾಕುತ್ತಾರೆ ಎಂಬ ಅನುಮಾನ ನನಗೂ ಮೊದಲು ಇತ್ತು. ಲೆಕ್ಕ ಹಾಕಿದೆ. ಒಬ್ಬರು ಐದು ದಿನ ತಪ್ಪಿದ್ದರೆ ನಮ್ಮ ಅಂಗಡಿಗೆ ಆಗುತ್ತಿದ್ದ ಖರ್ಚಿಗಿಂತ, ಏಳು ಹೆಂಗಸರು, ಐವರು ಹಮಾಲರು ಒಟ್ಟಿಗೆ ಮಲಗಿ ಕಾಯಿ ಆರಿಸದೆ, ಚೀಲ ಏರದೆ ನಿಂತಾಗ ಆದ ನಷ್ಟ ಎಷ್ಟೋ ಪಟ್ಟು ಹೆಚ್ಚು. ಆಸ್ಪತ್ರೆಗೆ ಓಡಾಡಿದ ಗಾಡಿಯ ಬಾಡಿಗೆ ಬೇರೆ. ಪೇಟೆಯ ಗುಮಾಸ್ತರಿಗೆ ಇನ್ನೊಂದು ಮಾತು. ನಿಮ್ಮ ಹಾಜರಿಯಲ್ಲಿ ಮೂವರಲ್ಲಿ ಒಬ್ಬರು ಜ್ವರವೆಂದು ಗೈರಾದ ದಿನ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಒಂದು ಫೋನ್ ಮಾಡಿ. ಯಾವ ರೋಗ ಎಂದು ನಾವು ಹೇಳಬೇಕಾಗಿಲ್ಲ, ಎಷ್ಟು ಸೊನ್ನೆ ಎಂದು ಹೇಳಿದರೆ ಸಾಕು. ಮುಂದಿನದನ್ನು ಅವರು ನೋಡುತ್ತಾರೆ.

ಈ ಸಲದ ಹೊಸ ಪುಸ್ತಕಕ್ಕೆ ಮೊನ್ನೆ ಗೆರೆ ಹಾಕುವಾಗ ‘ಹಾಜರು’, ‘ಗೈರು’ ಎಂಬ ಎರಡು ಮನೆಗಳ ಪಕ್ಕ ‘ಜ್ವರ’ ಎಂದು ಕೆಂಪು ಶಾಯಿಯಲ್ಲಿ ಮೂರನೆಯ ಮನೆ ಎಳೆದಿದ್ದೇನೆ. ನಮ್ಮ ಮಾಲೀಕರು ಆ ಮನೆಯಲ್ಲಿ ಗುರುತು ಬಿದ್ದವರಿಗೆ ಮೂರು ದಿನದ ಅರ್ಧ ಕೂಲಿ ಕೊಡಲು ಒಪ್ಪಿದ್ದಾರೆ. ಐದು ದಿನಕ್ಕೆ ಒಪ್ಪಿಸಲು ಇನ್ನೂ ಪ್ರಯತ್ನಿಸುತ್ತಿದ್ದೇನೆ. ಕೊಡದ ಪಕ್ಕದಲ್ಲಿ ಈಗ ಹದಿನೈದು ಸ್ಟೀಲ್ ಲೋಟಗಳಿವೆ, ನಲ್ಲಿಯ ಬಳಿ ದಾರ ಕಟ್ಟಿದ ಸಾಬೂನು ಇದೆ. ಆ ಅಕ್ಕ ಮುಂದಿನ ಸೋಮವಾರದಿಂದ ಕೆಲಸಕ್ಕೆ ಬರುತ್ತೇನೆ ಎಂದಿದ್ದಾರೆ. ಬಾಗಿಲಿನ ಹತ್ತಿರ, ಗಾಳಿ ಆಡುವ ಕಡೆ ಅವರಿಗೆ ಜಾಗ ಇಟ್ಟಿದ್ದೇನೆ.

ಇಂತಿ ನಿಮ್ಮ ಓದುಗ,
ದಲಾಲಿ ಅಂಗಡಿಯೊಂದರ ಗುಮಾಸ್ತ,
ಬ್ಯಾಡಗಿ, ಹಾವೇರಿ ಜಿಲ್ಲೆ